ಹಿತ್ತಿಲ ಹಕ್ಕಿ, ಉಮ್ಮನ ಚಾಪೆ

ಸುಲೈಮಾನ್ ನಬಿ(ಅ)ಯವರ ಚರಿತ್ರೆಯಲ್ಲಿ ಹುದ್‌ಹುದ್ ಎಂಬ ಹಕ್ಕಿ ಬರುತ್ತದೆ. ಅದು ಹಾಜರಿಲ್ಲದ್ದನ್ನು ಅವರು ಗಮನಿಸಿದ್ದು, ಬಳಿಕ ಅದು ಸಬಾ ದೇಶದ ರಾಣಿಯ ಸುದ್ದಿ ಹೊತ್ತು ತಂದದ್ದು ನಮ್ಮ ಮನೆಗಳ ಸಣ್ಣ ಮಕ್ಕಳಿಗೂ ಗೊತ್ತು. ಸುಮಾರು 20 ವರ್ಷಗಳಿಂದ ನಾವು ಮದ್ರಸದಲ್ಲಿ ಈ ಪಾಠ ಹೇಳುತ್ತಾ ಬಂದಿದ್ದೇವೆ. ಎರಡು ವರ್ಷದ ಹಿಂದೆ ನಾಲ್ಕನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಉಸ್ತಾದ್, ಆ ಹಕ್ಕಿ ಈಗಲೂ ಉಂಟಾ? ನಮ್ಮ ಊರಿಗೆ ಬರ್ತದಾ?" ಎಂದು ಕೇಳಿದ. ಅದು ಅರಬ್ ನಾಡಿನ ಹಕ್ಕಿ ಇರಬೇಕು ಎಂದು ಹೇಳಿ ಕೂರಿಸಿದೆವು. ಉತ್ತರ ಗೊತ್ತಿಲ್ಲದಾಗ ಉಸ್ತಾದರು ಹೀಗೆ ದೂರದ ದೇಶವನ್ನು ತೋರಿಸುವುದುಂಟು!

ಅದೇ ಚಳಿಗಾಲದಲ್ಲಿ ಮದ್ರಸದ ಪಕ್ಕದ ಆಟದ ಬಯಲಲ್ಲಿ ಒಂದು ಹಕ್ಕಿ ನೆಲ ಕುಕ್ಕುತ್ತಾ ಓಡಾಡುತ್ತಿತ್ತು. ಇಟ್ಟಿಗೆಯ ಕೆಂಪು ಮೈ, ರೆಕ್ಕೆಗೆ ಕಪ್ಪು ಬಿಳಿ ಪಟ್ಟೆ, ಸೂಜಿಯ ಹಾಗೆ ಬಾಗಿದ ಉದ್ದ ಕೊಕ್ಕು. ಹೆದರಿದಾಗ ತಲೆಯ ಮೇಲಿನ ಗರಿಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಇದನ್ನು ನಾವು ಸಣ್ಣಂದಿನಿಂದ ನೋಡಿದ್ದೇವೆ, ಮರಕುಟಿಗ ಎಂದುಕೊಂಡಿದ್ದೆವು. ಶಾಲೆಯ ಕನ್ನಡ ಟೀಚರ್ ಹತ್ತಿರ ಕೇಳಿದಾಗ, "ಮರಕುಟಿಗ ಅಲ್ಲ ಉಸ್ತಾದ್, ಅದು ಚಂದ್ರಮುಕುಟ" ಎಂದರು. ಮೊಬೈಲಿನಲ್ಲಿ ಹುಡುಕಿದರೆ ಅರಬಿಯಲ್ಲಿ ಅದರ ಹೆಸರು ಹುದ್‌ಹುದ್! 40 ವರ್ಷ ಕಣ್ಣಿಂದ ನೋಡಿದ್ದು, 20 ವರ್ಷ ಬಾಯಿಂದ ಪಾಠ ಹೇಳಿದ್ದು ಒಂದೇ ಹಕ್ಕಿ ಎಂದು ಗೊತ್ತಾದದ್ದು ಅವತ್ತು. ಮಾರನೇ ದಿನ ತರಗತಿಯಲ್ಲಿ ಆ ಹುಡುಗನ ಹತ್ತಿರ ತಪ್ಪು ಒಪ್ಪಿಕೊಂಡೆವು. ಅವನಿಗೆ ಬಹಳ ಖುಷಿಯಾಯಿತು, ಹಕ್ಕಿ ಸಿಕ್ಕಿದ್ದಕ್ಕೋ ಉಸ್ತಾದ್ ಸೋತದ್ದಕ್ಕೋ ಗೊತ್ತಿಲ್ಲ.

ಅಂದಿನಿಂದ ನಮಗೊಂದು ಅಭ್ಯಾಸ. ಸುಬಹಿ ನಮಾಝ್ ಮುಗಿಸಿ ಬಂದು, ಮದ್ರಸಕ್ಕೆ ಹೊರಡುವ ಮೊದಲು ಹಿತ್ತಿಲ ಜಗಲಿಯಲ್ಲಿ ಕಾಲು ಗಂಟೆ ಕೂರುವುದು. ಕೈಯಲ್ಲಿ ಚಹಾ, ಪಕ್ಕದಲ್ಲಿ ಮಕ್ಕಳ ಹಳೇ ನೋಟ್‌ಬುಕ್. ದುರ್ಬೀನು ಇಲ್ಲ, ಬೇಕು ಅಂತಲೂ ಅನಿಸಿಲ್ಲ. ಹಿತ್ತಿಲ ಹಕ್ಕಿ ಹತ್ತು ಹದಿನೈದು ಮಾರು ದೂರದಲ್ಲೇ ಇರುತ್ತದೆ. ಮೊದಲ ದಿನ ನಮ್ಮ ಪಟ್ಟಿಯಲ್ಲಿ ಇದ್ದದ್ದು ಕಾಗೆ, ಮೈನಾ, ಪಾರಿವಾಳ, ಅಷ್ಟೆ. ಎರಡು ತಿಂಗಳಾಗುವಾಗ 23 ಹೆಸರು ಆಯಿತು. ಹಕ್ಕಿಗಳು ಹೊಸತಾಗಿ ಬಂದದ್ದಲ್ಲ, ನಾವು ನೋಡುತ್ತಿರಲಿಲ್ಲ.

ಬೆಳಕು ಹರಿಯುವ ಮೊದಲೇ ಟಿವಿಯ ಡಿಶ್ ಮೇಲೆ ಕೂತು ಸಿಳ್ಳೆ ಹಾಕುವ ಕಪ್ಪು ಬಿಳಿ ಹಕ್ಕಿ ಮಡಿವಾಳ. ಫೆಬ್ರವರಿ ಕಳೆದ ಮೇಲೆ ಅದರ ಹಾಡು ಜೋರು. "ಕುಟ್ರೂ ಕುಟ್ರೂ" ಎಂದು ದಿನವಿಡೀ ಒಂದೇ ಸಮನೆ ಕೂಗುವುದು ಕುಟ್ರುಹಕ್ಕಿ. ಮೈಯೆಲ್ಲ ಹಸಿರು, ಹಾಗಾಗಿ ಸ್ವರ ಕೇಳಿದರೂ ಎಲೆಗಳ ಎಡೆಯಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ದಾಸವಾಳಕ್ಕೆ ಬರುವ ಹೆಬ್ಬೆರಳಿನಷ್ಟು ದೊಡ್ಡ ಹಕ್ಕಿ ಸೂರಕ್ಕಿ. ಬೇಲಿಯ ಬುಡದಲ್ಲಿ ಗಂಭೀರವಾಗಿ ನಡೆದು ಬಸವನಹುಳು ಹುಡುಕುವ ಕೆಂಪು ರೆಕ್ಕೆ, ಕೆಂಪು ಕಣ್ಣಿನ ಕೆಂಬೂತ; ತುಳುವಿನಲ್ಲಿ ಕುಪ್ಪುಳು. ಆರೇಳು ಒಟ್ಟಿಗೆ ಬಂದು ತರಗೆಲೆ ಕೆದಕುತ್ತಾ ಗಲಾಟೆ ಮಾಡುವ ಮಣ್ಣು ಬಣ್ಣದ ಹಕ್ಕಿಗಳಿಗೆ ಹರಟೆಮಲ್ಲ ಎಂದು ಹೆಸರು. ಮದುವೆ ಮನೆಯ ಅಡಿಗೆ ಕೋಣೆಯನ್ನು ನೆನೆದುಕೊಂಡು ನಮ್ಮ ಮನೆಯವಳು ಈ ಹೆಸರಿಗೆ ಬಹಳ ನಕ್ಕಳು. ಚಳಿಗಾಲದ ಬೆಳಗ್ಗೆ ಮತ್ತು ಮಗ್ರಿಬ್ ಹೊತ್ತಿಗೆ ಮಾತ್ರ ಎರಡು ಸ್ವರದ ಸಿಳ್ಳೆ ಹಾಕುವ ನವರಂಗ ಎಂಬ ಹಕ್ಕಿಯೂ ಒಮ್ಮೆ ಕಂಡಿತು. ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇಷ್ಟು ದೂರ ಬರುವ ಅತಿಥಿ ಅದು.

ಹಕ್ಕಿಯ ಮಾತು ಬಂದಾಗ ಸಲೀಂ ಅಲಿಯವರನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. 1896ರ ನವೆಂಬರ್ 12ರಂದು ಮುಂಬೈಯ ಒಂದು ಬೊಹ್ರಾ ಮುಸ್ಲಿಂ ಮನೆಯಲ್ಲಿ ಹುಟ್ಟಿದವರು. ಸಣ್ಣಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಏರ್‌ಗನ್ನಿನಲ್ಲಿ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಗುಬ್ಬಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಲು ಹತ್ತಿದ ಹುಡುಗ, ಮುಂದೆ ದೇಶದ ಹಕ್ಕಿಗಳಿಗೆಲ್ಲ ಲೆಕ್ಕ ಬರೆದರು. ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ನಮ್ಮಂಥ ಪಿಯುಸಿಯವರಿಗೆ ಅದೊಂದು ಸಮಾಧಾನ. 1930ರ ಸುಮಾರಿಗೆ ಕೆಲಸ ಕೈತಪ್ಪಿ, ಮುಂಬೈ ಆಚೆಯ ಕಿಹಿಮ್ ಎಂಬ ಕಡಲ ತೀರದ ಹಳ್ಳಿಯಲ್ಲಿ ಇದ್ದಾಗ, ಮನೆಯ ಹತ್ತಿರದ ಗೀಜಗ ಹಕ್ಕಿಗಳನ್ನು ದಿನವಿಡೀ ಕೂತು ನೋಡಿದರು. ಗೂಡು ಹೆಣೆಯುವುದು ಗಂಡು. ಅರ್ಧ ಹೆಣೆದು ನೇತಾಡಿ ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡಿ, ಮನಸ್ಸಿಗೆ ಬಂದರೆ ಉಳಿಯುತ್ತದೆ, ಇಲ್ಲವಾದರೆ ಹಾರಿ ಹೋಗುತ್ತದೆ. ಹೆಣ್ಣು ಉಳಿದರೆ ಗಂಡು ಆ ಗೂಡು ಪೂರ್ತಿ ಮಾಡಿ ಪಕ್ಕದಲ್ಲೇ ಇನ್ನೊಂದು ಗೂಡಿಗೆ ಕೈ ಹಾಕುತ್ತದೆ. ಇದನ್ನೆಲ್ಲ ಸರಿಯಾಗಿ ಬರೆದು ಜಗತ್ತಿಗೆ ತಿಳಿಸಿದ್ದು ಅವರೇ, ಕೆಲಸವಿಲ್ಲದ ಆ ದಿನಗಳಲ್ಲಿ.

ಈ ಗೀಜಗದ ಗೂಡಿನಿಂದಲೇ ನಮ್ಮ ಕತೆ ಉಮ್ಮನ ಕಡೆಗೆ ತಿರುಗಿದ್ದು. ಮಳೆಗಾಲ ಕಳೆದ ಮೇಲೆ ಗದ್ದೆಯ ಬದಿಯ ತೆಂಗಿನ ಮರದಿಂದ ಬಿದ್ದ ಒಂದು ಗೂಡನ್ನು ಮಗು ಎತ್ತಿ ತಂದಿತ್ತು. ಉಮ್ಮನಿಗೆ ಈಗ 74. ಕಣ್ಣು ಮಂಜು, ಬೆರಳುಗಳು ಮಾತ್ರ ಇನ್ನೂ ಚುರುಕು. ಗೂಡನ್ನು ಮಡಿಲಲ್ಲಿ ಇಟ್ಟುಕೊಂಡು ತಡವಿ ತಡವಿ ನೋಡಿದರು. ಕೊಂಬೆಗೆ ಸುತ್ತಿದ ಜಾಗಕ್ಕೆ ಬೆರಳು ಇಟ್ಟು, "ಮೋನೇ, ಇಲ್ಲಿ ನೋಡು, ಶುರು ಇಲ್ಲಿಂದ. ಇದು ಗಂಟು. ಆಮೇಲೆ ಒಂದು ಮೇಲೆ, ಒಂದು ಕೆಳಗೆ. ನಮ್ಮ ಚಾಪೆಯದ್ದೇ ಲೆಕ್ಕ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ತುದಿ ಕತ್ತರಿಸಿಲ್ಲ, ಹಾಗೇ ಬಿಟ್ಟಿದೆ. ಅವಸರ ಮಾಡಿದೆ" ಎಂದು ಒಂದು ಕುಂದೂ ಹೇಳಿದರು. ಒಂದು ಗೂಡಿಗೆ ಆ ಹಕ್ಕಿ ಸುಮಾರು 500 ಸಲ ಹುಲ್ಲಿನ ಎಸಳು, ಗರಿಯ ಸೀಳು ಹೊತ್ತು ತರುತ್ತದಂತೆ ಎಂದೆವು. "500 ಯಾವ ಲೆಕ್ಕ? ನಾನು ದಿನಕ್ಕೆ ಸಾವಿರ ಬೀಡಿ ಕಟ್ಟಿದವಳು" ಎಂದರು ಉಮ್ಮ.

ಉಮ್ಮ ಚಾಪೆ ಹೆಣೆಯುತ್ತಿದ್ದರು ಎಂಬುದನ್ನು ನಾವು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದೆವು. ನಾವು ಸಣ್ಣವರಿದ್ದಾಗ ಮನೆಯ ಚಾಪೆಗಳೆಲ್ಲ ಮುಂಡಕನ ಓಲೆಯವು. ಮಲಗಲು ಒಂದು, ನಮಾಝಿಗೆ ಸಣ್ಣದು, ನೆಂಟರಿಗೆ ಎತ್ತಿಟ್ಟ ನಯವಾದದ್ದು, ಭತ್ತ ಒಣಗಿಸಲು ಒರಟು. ಈಗಿನ ಮಕ್ಕಳಿಗೆ ಹೇಗೆ ಹೆಣೆಯುತ್ತಾರೆ ಎಂಬುದು ಗೊತ್ತಿರಲಿಕ್ಕಿಲ್ಲ, ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮುಂಡಕ ಅಂದರೆ ಕೇದಗೆಯ ಜಾತಿ. ತುಳುವರು ಮುಂಡೇವು ಅನ್ನುತ್ತಾರೆ. ಎಲೆ ಆಳೆತ್ತರ ಬೆಳೆಯುತ್ತದೆ. ಎರಡು ಅಂಚಿಗೆ ಎರಡು ಸಾಲು ಮುಳ್ಳು, ನಡುವಿನ ನರದ ಅಡಿಯಲ್ಲಿ ಮೂರನೇ ಸಾಲು. ಮೊದಲು ಬಲಿತ ಎಲೆ ಕೊಯ್ದು ಮೂರೂ ಸಾಲು ಮುಳ್ಳು ಕತ್ತಿಯಲ್ಲಿ ಸವರಿ ತೆಗೆಯಬೇಕು. ಇಲ್ಲಿ ಕೈಯಿಂದ ರಕ್ತ ಬರುವುದು ಸಾಮಾನ್ಯ. ಒಂದು ದಿನ ಬಾಡಿಸಿ, ಚಕ್ಕುಲಿಯ ಹಾಗೆ ಸುತ್ತಿ, ದೊಡ್ಡ ಚರಿಗೆಯಲ್ಲಿ ನೀರಿಗೆ ಹಾಕಿ ಕುದಿಸಬೇಕು. ಬಳಿಕ ಬಿಡಿಸಿ ಬಿಸಿಲಿಗೆ. ಹಸಿರು ಹೋಗಿ ಎಲೆ ಬಿಳಿಚಿಕೊಂಡ ಮೇಲೆ ಒಂದೇ ಅಗಲಕ್ಕೆ ಸೀಳುವುದು. ಅಗಲ ಹೆಚ್ಚುಕಡಿಮೆಯಾದರೆ ಚಾಪೆ ಸೊಟ್ಟ. ಹೆಣಿಗೆ ಶುರುವಾಗುವುದು ಮೂಲೆಯಿಂದ, ಓರೆಯಾಗಿ. ಎಲ್ಲದಕ್ಕಿಂತ ಕಷ್ಟದ್ದು ಅಂಚು. ಉಳಿದ ತುದಿಗಳನ್ನು ಹಿಂದಕ್ಕೆ ಮಡಚಿ, ಹೆಣಿಗೆಯ ಒಳಗೇ ತೂರಿಸಿ ಮುಚ್ಚಬೇಕು. ಅಂಚು ಸರಿಯಾಗದ ಚಾಪೆ ಒಂದು ಮಳೆಗಾಲವೂ ಬಾಳುವುದಿಲ್ಲ.

ಉಮ್ಮ ಇದನ್ನೆಲ್ಲ ಬಿಟ್ಟದ್ದು ಬೀಡಿಗೆ ಕೂತ ಮೇಲೆ. ಮದುವೆಯಾಗಿ ಬಂದ ಮನೆಯಲ್ಲಿ ಹೊಟ್ಟೆ ಹೆಚ್ಚು, ಕೈ ಕಡಿಮೆ. ಬೆಳಗ್ಗಿನಿಂದ ರಾತ್ರಿ ದೀಪದವರೆಗೆ ತಡ್ಪೆ ಮಡಿಲಲ್ಲಿ ಇಟ್ಟುಕೊಂಡು ಕಟ್ಟಿದ ಬೀಡಿಯಿಂದಲೇ ನಮಗೆ ಪುಸ್ತಕ, ಅಂಗಿ, ತಂಗಿಯಂದಿರಿಗೆ ಮದುವೆ. ನಮ್ಮ ಸಮುದಾಯದ ಎಷ್ಟೋ ಮನೆಗಳ ಕತೆ ಇದೇ, ಹೊಸತಾಗಿ ಹೇಳಬೇಕಿಲ್ಲ. ಆದರೆ ಉಮ್ಮ ಅವತ್ತು ಗೂಡು ಹಿಡಿದು ಹೇಳಿದ ಒಂದು ಮಾತು ನಾವು ಹಿಂದೆ ಕೇಳಿರಲಿಲ್ಲ. "ಬೀಡಿ ಕಟ್ಟಿದ ಲೆಕ್ಕ ಬೇರೆಯವರ ಪುಸ್ತಕದಲ್ಲಿ ಇತ್ತು. ಕಟ್ಟಿದ್ದು ಸುಟ್ಟು ಬೂದಿಯಾಯಿತು. ಚಾಪೆಯಾದರೆ ನೀನು ಮಲಗಿದ್ದಿ." ಇನ್ನೊಂದು ಚಾಪೆ ಹೆಣೆಯಬೇಕು ಎಂದು ಅವರಿಗೆ ಆಸೆ ಇತ್ತು. "ಒಂದು ಹೊರೆ ಓಲೆ ತಂದುಕೊಡು ಮೋನೇ" ಎಂದರು.

ತರುವುದು ಎಲ್ಲಿಂದ? ಮುಂಡಕನ ಬೇಲಿಯನ್ನು ಕಡಿಸಿದ್ದು ನಾವೇ.

ಮನೆಯ ಹಿಂದೆ ತೋಡು. ತೋಡಿನ ಉದ್ದಕ್ಕೂ ಅಜ್ಜನ ಕಾಲದಿಂದ ಮುಂಡಕ ಬೆಳೆದಿತ್ತು, ಗೋಡೆಯ ಹಾಗೆ ದಟ್ಟ. ಅಷ್ಟಮಿಗೆ ಮೂಡೆ ಕಟ್ಟಲು ನೆರೆಮನೆಯ ಅಕ್ಕ ಎಲೆ ಕೊಯ್ಯುತ್ತಿದ್ದದ್ದೂ ಅಲ್ಲಿಂದಲೇ. ಆರು ವರ್ಷದ ಹಿಂದೆ ಗಲ್ಫಿನಲ್ಲಿರುವ ತಮ್ಮ ಹಣ ಕಳಿಸಿದ. ತಂಗಿಯ ಮಗಳ ಮದುವೆ ಹತ್ತಿರ ಇತ್ತು. ಅಂಗಳಕ್ಕೆ ಇಂಟರ್‌ಲಾಕ್, ಹಿಂದೆ ಕಾಂಪೌಂಡ್ ಗೋಡೆ ಎಂದು ತೀರ್ಮಾನವಾಯಿತು. ಜೆಸಿಬಿ ಬಂದು ಒಂದೇ ಬೆಳಗ್ಗೆಯಲ್ಲಿ ಬೇಲಿ ಕಿತ್ತು ಹಾಕಿತು. ಮುಳ್ಳು, ಹಾವು, ಕಸ ಎಲ್ಲ ಹೋಯಿತು ಎಂದು ನಮಗೂ ಸಮಾಧಾನ ಆಗಿತ್ತು. ಬಂದವರೆಲ್ಲ "ಈಗ ಚೆಂದ ಕಾಣ್ತದೆ" ಎಂದರು. ಉಮ್ಮ ಏನೂ ಹೇಳಲಿಲ್ಲ. ಹೇಳಲಿಲ್ಲ ಅಂದರೆ ಒಪ್ಪಿದರು ಎಂದು ನಾವು ತಿಳಿದುಕೊಂಡೆವು.

ಮಾರನೇ ವರ್ಷದ ಮಳೆಗೆ ತೋಡಿನ ಬದಿ ಜರಿದು ಗೋಡೆಯ ಒಂದು ಮೂಲೆ ಬಿರುಕು ಬಿಟ್ಟಿತು. ಮುಂಡಕದ ಬೇರು ಬಲೆಯ ಹಾಗೆ ಮಣ್ಣು ಹಿಡಿದುಕೊಂಡಿರುತ್ತದೆ, ಹಾಗಾಗಿಯೇ ಹಿರಿಯರು ನೀರಿನ ಬದಿಗೆ ಅದನ್ನು ನೆಡುತ್ತಿದ್ದದ್ದು ಎಂದು ಗೋಡೆ ರಿಪೇರಿಗೆ ಬಂದ ಮೇಸ್ತ್ರಿ ಹೇಳಿದರು. ಹೋದದ್ದು ಮಣ್ಣು ಮಾತ್ರ ಅಲ್ಲ ಎಂಬುದು ಹಕ್ಕಿ ನೋಡಲು ಕೂತ ಮೇಲೆ ತಿಳಿಯಿತು. ನಮ್ಮ ಪಟ್ಟಿಯ 23ರಲ್ಲಿ ಹುಂಡುಕೋಳಿ ಇಲ್ಲ. ಬೆನ್ನು ಕರಿ, ಮುಖ ಎದೆ ಬಿಳಿ, ಬಾಲದ ಅಡಿ ಇಟ್ಟಿಗೆ ಕೆಂಪು, ಬಾಲ ಕುಣಿಸುತ್ತಾ ಓಡುವ ಹಕ್ಕಿ. ಮಳೆಗಾಲದ ರಾತ್ರಿ ಅದರ ಕೂಗಿಗೆ ನಮಗೆ ನಿದ್ದೆ ಬರುತ್ತಿರಲಿಲ್ಲ. ಮಸಿಯಂಥ ಕರಿ ಮರಿಗಳನ್ನು ಹಿಂದೆ ಹಾಕಿಕೊಂಡು ಬಾವಿಕಟ್ಟೆಯವರೆಗೂ ಬರುತ್ತಿತ್ತು. "ಅದರ ಗೂಡು ಬೇಲಿಯ ಒಳಗೇ ಇತ್ತಲ್ಲ. ಮುಳ್ಳಿಗೆ ಬೆಕ್ಕು ಹೋಗುವುದಿಲ್ಲ" ಎಂದರು ಉಮ್ಮ. ಅವರಿಗೆ ಗೊತ್ತಿತ್ತು. ಓಲೆ ಕೊಯ್ಯುವಾಗ ಗೂಡಿರುವ ಕಡೆ ಬಿಟ್ಟು ಕೊಯ್ಯುತ್ತಿದ್ದರಂತೆ. ಕೆಂಬೂತ ಈಗ ನೆರೆಯವರ ತೋಟದಿಂದ ಬಂದು ಹೋಗುತ್ತದೆ, ನಮ್ಮಲ್ಲಿ ಉಳಿಯುವುದಿಲ್ಲ.

ಅಂದರೆ ಚಾಪೆ ಬಂದದ್ದೂ ಹಕ್ಕಿ ಬಂದದ್ದೂ ಒಂದೇ ಬೇಲಿಯಿಂದ. ಈಗ ಊರಿಡೀ ಇಂಟರ್‌ಲಾಕ್. ಮಳೆಗಾಲದ ಕೆಸರು ಇಲ್ಲ, ವಯಸ್ಸಾದವರು ಜಾರಿ ಬೀಳುವುದಿಲ್ಲ, ಅದರ ಅನುಕೂಲ ನಮಗೂ ಗೊತ್ತುಂಟು. ಮುಂದಿನ ಅಂಗಳಕ್ಕೆ ಹಾಕಿದರೆ ಸಾಕಿತ್ತು. ಹಿತ್ತಿಲಿನ ಕೊನೆಯವರೆಗೆ ಸಿಮೆಂಟು ಹಾಕಬೇಕಿರಲಿಲ್ಲ.

ಕಳೆದ ವರ್ಷ ಮುಂಗಾರು ಹಿಡಿದ ವಾರದಲ್ಲಿ ಪಕ್ಕದ ಊರಿನ ಕೃಷಿಕರೊಬ್ಬರ ತೋಡಿನ ಬದಿಯಿಂದ ಮುಂಡಕದ ಒಂಬತ್ತು ಕೊಂಬೆ ಕೇಳಿ ತಂದು ನೆಟ್ಟೆವು. ಅದಕ್ಕೆ ಆರೈಕೆ ಬೇಡ, ಕೊಂಬೆ ಊರಿದರೆ ಬೇರು ಬಿಡುತ್ತದೆ. ಏಳು ಬದುಕಿವೆ. ಚಾಪೆಗೆ ಆಗುವಷ್ಟು ಎಲೆ ಬರಲು ಇನ್ನೂ ಸಮಯ ಬೇಕು. ಅಲ್ಲಿಯವರೆಗೆ ಅದೇ ಕೃಷಿಕರು, "ಎಷ್ಟು ಬೇಕಾದರೂ ಕೊಯ್ಯಿರಿ ಉಸ್ತಾದ್, ನಮಗೆ ಅದು ಉಪದ್ರವೇ" ಎಂದು ಒಂದು ಹೊರೆ ಓಲೆ ಕೊಟ್ಟರು.

ಶುಕ್ರವಾರ ಮದ್ರಸಕ್ಕೆ ರಜೆ. ಶಾಲೆಗೂ ರಜೆ ಸಿಕ್ಕಿದ ಒಂದು ಶುಕ್ರವಾರ ಬೆಳಗ್ಗೆ ನಮ್ಮ ಜಗಲಿಯಲ್ಲಿ ಉಮ್ಮ ಕೂತರು, ಸುತ್ತ ಮನೆಯ ಮತ್ತು ನೆರೆಕರೆಯ ಆರು ಮಕ್ಕಳು. ಆಮೇಲೆ ಇಂಥ ರಜೆ ಬಂದಾಗಲೆಲ್ಲ ಅವರೇ ಬರತೊಡಗಿದರು. ಮೊದಲು ಮುಂಡಕ ಕೊಡಲಿಲ್ಲ. ತೆಂಗಿನ ಗರಿಯಲ್ಲಿ ಚೆಂಡು, ವಾಚು, ಪೀಪಿ ಮಾಡಿಸಿದರು. ಕೈ ಪಳಗಿದ ಮೇಲೆ ಮಡಲು ಹೆಣೆಯುವುದು, ಹಿಡಿಸೂಡಿ ಕಟ್ಟುವುದು. ನಾವೂ ಕೂತೆವು. ಹಿಡಿಸೂಡಿ ಕಟ್ಟಲು ಬಾರದ ಉಸ್ತಾದ್ ಎಂದು ಮಕ್ಕಳಿಗೆ ಇನ್ನೊಂದು ಖುಷಿ. ಆರರಲ್ಲಿ ಇಬ್ಬರು ಎರಡೇ ವಾರಕ್ಕೆ ಬಿಟ್ಟರು, ಒತ್ತಾಯ ಮಾಡಲಿಲ್ಲ. ಒಬ್ಬಳು ಹುಡುಗಿ ಮಾತ್ರ ಮುಂಡಕದ ತನಕ ಬಂದಳು, ಅವಳ ಕೈಯಲ್ಲಿ ಒಂದು ಮೊಳದ ಚೌಕ ಆಗಿದೆ. ಸೊಟ್ಟವೇ, ಆದರೆ ಬಿಚ್ಚಿಕೊಳ್ಳುವುದಿಲ್ಲ.

ಇದನ್ನು ನೋಡಿದ ಕೆಲವರು, ತರಬೇತಿ ಕೇಂದ್ರ ಮಾಡಿ, ಸ್ವ ಉದ್ಯೋಗ ಆಗ್ತದೆ ಎಂದು ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಂದು ಚಾಪೆಗೆ ಉಮ್ಮನಿಗೆ ಹತ್ತು ಹನ್ನೆರಡು ದಿನ ಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ ಚಾಪೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೂಲಿ ಹುಟ್ಟುವುದಿಲ್ಲ. ಬುಟ್ಟಿ ಹೆಣೆದೇ ಬದುಕುವ ಕೊರಗ ಸಮುದಾಯದವರ ಕಷ್ಟವನ್ನು ನಾವು ಕಣ್ಣಾರೆ ಕಾಣುತ್ತಿಲ್ಲವೇ? ನಿಮಗೆ ಕೈಕೆಲಸದ ಮೇಲೆ ಪ್ರೀತಿ ಇದ್ದರೆ ಅವರ ಬುಟ್ಟಿಗೆ ಚೌಕಾಸಿ ಮಾಡದೆ ಹಣ ಕೊಡಿ. ನಮ್ಮ ಮನೆಯ ಚಾಪೆ ವ್ಯಾಪಾರಕ್ಕೆ ಅಲ್ಲ. ಬದುಕಿಡೀ ಕೂಲಿಗಾಗಿ ಬೆರಳು ಆಡಿಸಿದ ಹೆಂಗಸು, ಕೂಲಿ ಇಲ್ಲದ ಕೆಲಸ ಮಾಡುವಾಗ ಅವಳ ಮುಖ ಹೇಗಿರುತ್ತದೆ ಎಂಬುದನ್ನು ನೋಡಿದವರು ಲಾಭ ನಷ್ಟ ಕೇಳಲಿಕ್ಕಿಲ್ಲ.

ಹಕ್ಕಿ ನೋಡಲು ಮನಸ್ಸು ಮಾಡುವ ಮನೆಯವರಿಗೆ ನಮ್ಮ ಅನುಭವದ ನಾಲ್ಕು ಮಾತು. ಮಾರ್ಚ್‌ನಿಂದ ಮಳೆ ಬರುವವರೆಗೆ ನೆರಳಿನಲ್ಲಿ ಮಣ್ಣಿನ ಅಗಲ ಪಾತ್ರೆಯಲ್ಲಿ ನೀರಿಡಿ. ಎರಡು ಬೆರಳು ಆಳ ಸಾಕು, ಹೆಚ್ಚಾದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ. ದಿನಾ ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ. ಬಿರಿಯಾನಿ ಉಳಿದದ್ದು ಹಾಕಬೇಡಿ, ಕಾಗೆ ಬಂದು ಉಳಿದವನ್ನೆಲ್ಲ ಓಡಿಸುತ್ತದೆ. ಅದರ ಬದಲು ಪಪ್ಪಾಯಿ ಮರದಲ್ಲಿ ಒಂದು ಹಣ್ಣು ಬಿಡಿ. ಕುಟ್ರುಹಕ್ಕಿ, ಪಿಕಳಾರ, ಕೋಗಿಲೆ ಸರದಿಯಲ್ಲಿ ಬರುತ್ತವೆ. ಮನೆಯಿಂದ ದೂರ ಸತ್ತು ನಿಂತ ತೆಂಗಿನ ಮರ ಇದ್ದರೆ ಕಡಿಯಲು ಅವಸರ ಬೇಡ, ಅದರ ಪೊಟರೆ ಎಷ್ಟೋ ಹಕ್ಕಿಗಳಿಗೆ ಮನೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. 15 ನಿಮಿಷ ಒಂದೆಡೆ ಕೂತು ಕಂಡದ್ದನ್ನು ಇ-ಬರ್ಡ್ ಆ್ಯಪಿನಲ್ಲಿ ತುಂಬಿಸಿದರಾಯಿತು, ಯಾರೂ ಸೇರಬಹುದು. ಮಕ್ಕಳ ಕೈಗೆ ಹೇಗೂ ಮೊಬೈಲ್ ಕೊಡುತ್ತೇವೆ, ನಾಲ್ಕು ದಿನ ಇದಕ್ಕೆ ಕೊಡೋಣ.

ಇನ್ನೊಂದು ಮಾತು ಬೇಸರದ್ದು. ನಮ್ಮ ಕೆಲವು ಮನೆಗಳ ಸಿಟೌಟಿನಲ್ಲಿ ಈಗಲೂ ಪಂಜರದ ಗಿಳಿ ಕಾಣುತ್ತದೆ. ನಮ್ಮ ನಾಡಿನ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಹಾಗಿರಲಿ, ಹಿತ್ತಿಲ ಪೇರಳೆ ಮರಕ್ಕೆ ತಾನಾಗಿ ಬಂದು ತಿಂದು ಹೋಗುವ ಗಿಳಿಯನ್ನು ನೋಡಿದ ಮೇಲೆ ಪಂಜರದ್ದನ್ನು ನೋಡಲು ನಮಗೆ ಆಗುವುದಿಲ್ಲ.

ಹುಂಡುಕೋಳಿ ಇನ್ನೂ ಬಂದಿಲ್ಲ. ಏಳು ಗಿಡಗಳ ಬೇಲಿಯಲ್ಲಿ ಅದಕ್ಕೆ ಅಡಗಲು ಜಾಗ ಸಾಲದು. ಆದರೆ ಮೊನ್ನೆ ಆ ಎಳೆ ಗಿಡಗಳ ಪಕ್ಕದ ಬದನೆ ಗಿಡದಲ್ಲಿ ಎರಡು ಎಲೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಂಡಿತು. ಬಗ್ಗಿ ನೋಡಿದರೆ ಅಂಟಿದ್ದಲ್ಲ, ಹೊಲಿದದ್ದು. ಸಿಂಪಿಗ ಹಕ್ಕಿಯ ಗೂಡು. ಎಲೆಯ ಅಂಚಿಗೆ ಕೊಕ್ಕಿನಲ್ಲಿ ತೂತು ಮಾಡಿ, ಹತ್ತಿಯ ಎಳೆ, ಜೇಡನ ನೂಲು ತೂರಿಸಿ ಹೊಲಿಯುತ್ತದೆ. ಗೀಜಗದ ಹಾಗಲ್ಲ, ಇಲ್ಲಿ ಕೆಲಸ ಹೆಚ್ಚಾಗಿ ಹೆಣ್ಣಿನದ್ದು. ಉಮ್ಮನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ದೂರದಿಂದ ತೋರಿಸಿದೆವು. ಕಣ್ಣಿಗೆ ಕಾಣಲಿಲ್ಲ. ಮುಟ್ಟಿ ನೋಡಲೇ ಎಂದು ಕೇಳಿದರು. ಬೇಡ, ಮರಿ ಇರಬಹುದು ಎಂದೆವು. "ಹಾಗಾದರೆ ಮರಿ ಹೋದ ಮೇಲೆ ತಂದು ಕೊಡು, ಹೊಲಿಗೆ ನೋಡ್ಬೇಕು" ಎಂದು ವಾಪಸು ಬಂದು ಚಾಪೆಗೆ ಕೂತರು. ಚಾಪೆ ಮುಕ್ಕಾಲು ಆಗಿದೆ. ಅಂಚು ಮಡಚುವುದನ್ನು ಆ ಹುಡುಗಿಗೂ ನಮಗೂ ಬಿಟ್ಟಿದ್ದಾರೆ. ಶುಕ್ರವಾರ ಶುರು ಮಾಡಬೇಕು.